ಬೋರ್ಡ್ ಗೇಮ್‌ನಿಂದ ಹಾಲಿವುಡ್ ಚಿತ್ರಕಥೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕಾದಂಬರಿಯನ್ನು ಸಿನಿಮಾ ಮಾಡುವವರಿಗೆ ಏನನ್ನು ಬಿಡಬೇಕು ಎಂಬುದೇ ತಲೆನೋವು. ಬೋರ್ಡ್ ಗೇಮ್ ಹಿಡಿದು ಕೂತವರ ಪಾಡು ಬೇರೆ. ಅಲ್ಲಿ ನಾಯಕನಿಲ್ಲ, ಕಥೆಯಿಲ್ಲ, ಸಂಭಾಷಣೆಯಿಲ್ಲ. ಇರುವುದು ಒಂದು ಹಾಸು, ಕೆಲವು ಕಾಯಿ, ನಾಲ್ಕು ಪುಟದ ನಿಯಮ ಮತ್ತು ಕೋಟ್ಯಂತರ ಜನರಿಗೆ ಗೊತ್ತಿರುವ ಒಂದು ಹೆಸರು. ಹಾಲಿವುಡ್ ಸ್ಟುಡಿಯೊಗಳು ದುಡ್ಡು ಕೊಡುವುದು ಆ ಹೆಸರಿಗೆ. ಆದರೆ ಚಿತ್ರ ನಿಲ್ಲುವುದು ಆ ಆಟ ಆಡುವಾಗ ಮನಸ್ಸಿನಲ್ಲಿ ಹುಟ್ಟುವ ಒತ್ತಡದ ಮೇಲೆ. ಆ ಒತ್ತಡವನ್ನು ಹುಡುಕಿ, ಅದನ್ನೇ ಕಥೆಯ ಬೆನ್ನೆಲುಬಾಗಿ ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಹಂತ 1: ಆಟದಿಂದ ಏನು ಸಿಗುತ್ತದೆ ಎಂದು ಲೆಕ್ಕ ಹಾಕಿ

ನಿಯಮದ ಪುಸ್ತಕ ಓದಿದರೆ ಸಾಲದು. ಕನಿಷ್ಠ ಆರು ಸಲ, ಮೂರು ಬಗೆಯ ಗುಂಪುಗಳ ಜೊತೆ ಆಡಿಸಿ: ಆಟದಲ್ಲಿ ಪಳಗಿದವರು, ಮೊದಲ ಸಲ ಆಡುವವರು, ಮಕ್ಕಳಿರುವ ಒಂದು ಮನೆಯವರು. ಒಬ್ಬರು ಆಡದೆ ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕು. ಮೂರೇ ವಿಷಯ ಗಮನಿಸಿದರೆ ಸಾಕು. ಎಲ್ಲರೂ ಮಾತು ನಿಲ್ಲಿಸಿದ್ದು ಯಾವಾಗ? ಜಗಳ ಅಥವಾ ಕೇಕೆ ಎದ್ದದ್ದು ಯಾವಾಗ? ಯಾರಾದರೂ ಮೊಬೈಲ್ ಕೈಗೆತ್ತಿಕೊಂಡದ್ದು ಯಾವಾಗ?

ಆಮೇಲೆ ಒಂದು ಹಾಳೆಯಲ್ಲಿ ಮೂರು ಕಂಬ ಎಳೆಯಿರಿ: ನಿಯಮ, ನೋಟ, ಒತ್ತಡ. ಎದುರಾಳಿ ಅಡಗಿಸಿಟ್ಟ ಹಡಗುಗಳನ್ನು ಊಹಿಸಿ ಹೊಡೆಯುವ 'ಬ್ಯಾಟಲ್‌ಶಿಪ್' ಆಟವನ್ನೇ ತೆಗೆದುಕೊಳ್ಳಿ. ನಿಯಮದ ಕಂಬದಲ್ಲಿ: ಹತ್ತು ಸಾಲು, ಹತ್ತು ಕಂಬದ ಚೌಕಳಿ, ಐದು ಹಡಗು, ಅವು ಆಕ್ರಮಿಸುವ 17 ಮನೆ. ನೋಟದ ಕಂಬದಲ್ಲಿ: ಕೆಂಪು, ಬಿಳಿ ಮೊಳೆಗಳು, ನಡುವೆ ನಿಂತ ಗೋಡೆ. ಒತ್ತಡದ ಕಂಬದಲ್ಲಿ: ಎದುರಾಳಿ ಎದುರಿಗೇ ಕೂತಿದ್ದಾನೆ, ಆದರೆ ಅವನದು ನನಗೆ ಕಾಣಿಸದು, ನನ್ನದು ಅವನಿಗೆ ಕಾಣಿಸದು, ಮೊದಲ ಗುಂಡು ತಾಗುವ ಸಾಧ್ಯತೆ ಶೇ. 17 ಮಾತ್ರ. ಚಿತ್ರಕಥೆ ಹುಟ್ಟಬೇಕಾದದ್ದು ಈ ಮೂರನೇ ಕಂಬದಿಂದ. ಸೋತ ಚಿತ್ರಗಳಲ್ಲಿ ಹೆಚ್ಚಿನವು ಎರಡನೇ ಕಂಬದಿಂದ ಹುಟ್ಟಿದವು.

ಕೆಲವು ಆಟಗಳ ಒತ್ತಡ ಸಿನಿಮಾಕ್ಕೆ ಒಗ್ಗುವುದು ಕಷ್ಟ, ಅದನ್ನು ಈ ಹಂತದಲ್ಲೇ ಕಂಡುಕೊಳ್ಳಬೇಕು. ಜಾಗ ಕೊಂಡು ಬಾಡಿಗೆ ವಸೂಲಿ ಮಾಡುವ 'ಮೊನೊಪೊಲಿ'ಯಲ್ಲಿ ಆಟ ಮುಗಿಯುವ ಎಷ್ಟೋ ಹೊತ್ತಿನ ಮೊದಲೇ ಗೆಲ್ಲುವವರು ಯಾರೆಂದು ಗೊತ್ತಾಗಿರುತ್ತದೆ; ಉಳಿದವರು ನಿಧಾನವಾಗಿ ದಿವಾಳಿಯಾಗುತ್ತಾ ಕೂತಿರುತ್ತಾರೆ. ಇದು ಚಿತ್ರಕಥೆಯ ಮೂರನೇ ಅಂಕಕ್ಕೆ, ಅಂದರೆ ಕೊನೆಯ ಭಾಗಕ್ಕೆ, ವಿಷ. ಇಂಥ ಆಟ ಸಿಕ್ಕರೆ ಅದರ ಹುಟ್ಟಿನ ಕಡೆ ನೋಡಿ. ಲಿಝಿ ಮ್ಯಾಗಿ ಎಂಬಾಕೆ 'ಲ್ಯಾಂಡ್‌ಲಾರ್ಡ್ಸ್ ಗೇಮ್' ಎಂಬ ಆಟಕ್ಕೆ 1904ರಲ್ಲಿ ಪೇಟೆಂಟ್ ಪಡೆದದ್ದು ಭೂಮಿಯ ಏಕಸ್ವಾಮ್ಯ ಎಷ್ಟು ಕೆಟ್ಟದ್ದೆಂದು ತೋರಿಸಲು. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಚಾರ್ಲ್ಸ್ ಡ್ಯಾರೊ ಹೆಸರಿನಲ್ಲಿ ಮಾರಿದ 'ಮೊನೊಪೊಲಿ'ಯ ಬೇರು ಅಲ್ಲಿದೆ. ಆ ಹೆಂಗಸಿನ ಕಥೆ ಹಾಸಿನ ಮೇಲಿನ ಯಾವ ಕಾಯಿಗಿಂತಲೂ ಬಲವಾದ ಚಿತ್ರ.

ಹಂತ 2: ಹಕ್ಕುಗಳು

ಅಮೆರಿಕದ ಕಾಪಿರೈಟ್ ಕಾನೂನಿನಲ್ಲಿ ಆಟ ಆಡುವ ವಿಧಾನಕ್ಕೆ ರಕ್ಷಣೆ ಇಲ್ಲ. ನಿಯಮ ಪುಸ್ತಕದ ಬರವಣಿಗೆ, ಹಾಸಿನ ಚಿತ್ರಕಲೆ, ಪಾತ್ರಗಳ ಚಿತ್ರಣ ಇವಕ್ಕೆ ರಕ್ಷಣೆ ಇದೆ. ಹೆಸರು ಟ್ರೇಡ್‌ಮಾರ್ಕ್ ಅಡಿಯಲ್ಲಿ ಬರುತ್ತದೆ. ಹಾಗಾಗಿ, ಚೌಕಳಿಯ ಮೇಲೆ ಅಡಗಿದ ಹಡಗುಗಳನ್ನು ಊಹಿಸಿ ಹೊಡೆಯುವ ದೃಶ್ಯವನ್ನು ಯಾರು ಬೇಕಾದರೂ ಬರೆಯಬಹುದು. ಪೋಸ್ಟರ್ ಮೇಲೆ ಆ ಆಟದ ಹೆಸರು ಹಾಕಬೇಕೆಂದರೆ ಅದರ ಮಾಲೀಕ ಹ್ಯಾಸ್‌ಬ್ರೊ ಕಂಪನಿಯ ಬಾಗಿಲು ತಟ್ಟಬೇಕು.

ರೂಢಿಯಲ್ಲಿರುವ ದಾರಿ ಆಪ್ಷನ್ ಒಪ್ಪಂದ. 12ರಿಂದ 18 ತಿಂಗಳ ಅವಧಿಗೆ ಹಕ್ಕು ಕಾದಿರಿಸಿಕೊಳ್ಳುತ್ತೀರಿ, ಅಷ್ಟೇ ಅವಧಿಗೆ ಮತ್ತೊಮ್ಮೆ ವಿಸ್ತರಿಸುವ ಅವಕಾಶ ಇಟ್ಟುಕೊಳ್ಳುತ್ತೀರಿ. ಆಪ್ಷನ್ ಮೊತ್ತ ಸಾಮಾನ್ಯವಾಗಿ ಪೂರ್ಣ ಖರೀದಿ ಬೆಲೆಯ ಶೇ. 10ರ ಆಸುಪಾಸು. ಖರೀದಿ ಬೆಲೆಯನ್ನು ಚಿತ್ರದ ಬಜೆಟ್ಟಿನ ಶೇ. 2ರಿಂದ 3 ಎಂದು, ಕನಿಷ್ಠ ಮತ್ತು ಗರಿಷ್ಠ ಮಿತಿ ಹಾಕಿ, ಬರೆಯುವುದುಂಟು. ಮೊದಲ ಆಪ್ಷನ್ ಮೊತ್ತ ಖರೀದಿ ಬೆಲೆಯಲ್ಲಿ ಮುರಿದುಕೊಳ್ಳುತ್ತದೆ. ವಿಸ್ತರಣೆಯ ಮೊತ್ತ ಅನೇಕ ಸಲ ಮುರಿದುಕೊಳ್ಳುವುದಿಲ್ಲ. ಸಹಿ ಹಾಕುವ ಮುನ್ನ ಈ ಸಾಲನ್ನು ಎರಡು ಸಲ ಓದಿ.

ಎಡವಟ್ಟಾಗುವುದು ಸಾಮಾನ್ಯವಾಗಿ ಅನುಮೋದನೆಯ ಕಲಮಿನಲ್ಲಿ. ಆಟಿಕೆ ಕಂಪನಿಗೆ ಚಿತ್ರಕ್ಕಿಂತ ಆಟದ ಮಾರಾಟ ಮುಖ್ಯ, ಅದರಲ್ಲಿ ತಪ್ಪಿಲ್ಲ. ಆದರೆ ಚಿತ್ರಕಥೆಯ ಪ್ರತಿಯೊಂದು ಕರಡು ಪ್ರತಿಗೂ ಅವರ ಒಪ್ಪಿಗೆ ಬೇಕೆಂದು ಬರೆದುಕೊಂಡರೆ ಆಪ್ಷನ್ ಅವಧಿ ಕಾಯುವುದರಲ್ಲೇ ಕಳೆದುಹೋಗುತ್ತದೆ. ಒಪ್ಪಿಗೆಯನ್ನು ಮೂರು ಕಡೆಗೆ ಸೀಮಿತಗೊಳಿಸಿ: ಎರಡು ಪುಟದ ಸಾರಾಂಶ, ಮೊದಲ ಪೂರ್ಣ ಕರಡು, ಶೂಟಿಂಗ್ ಪ್ರತಿ. ಪ್ರತಿ ಹಂತಕ್ಕೂ ಹತ್ತು ಕೆಲಸದ ದಿನ, ಅಷ್ಟರಲ್ಲಿ ಉತ್ತರ ಬಾರದಿದ್ದರೆ ಒಪ್ಪಿದಂತೆ ಎಂದು ಬರೆಸಿ. ದೊಡ್ಡ ಹೆಸರುಗಳ ಕಂತೆ ಹಿಡಿದರೆ ಕೆಲಸವಾಯಿತೆಂದು ತಿಳಿಯಬೇಡಿ. 2008ರಲ್ಲಿ ಯೂನಿವರ್ಸಲ್ ಸ್ಟುಡಿಯೊ ಹ್ಯಾಸ್‌ಬ್ರೊ ಜೊತೆ ಮಾಡಿಕೊಂಡ ಒಪ್ಪಂದದ ಪಟ್ಟಿಯಲ್ಲಿ ಮೊನೊಪೊಲಿ, ಕ್ಲೂ (ಕೊಲೆಗಾರನನ್ನು ಪತ್ತೆ ಹಚ್ಚುವ ಆಟ), ಕ್ಯಾಂಡಿ ಲ್ಯಾಂಡ್, ಬ್ಯಾಟಲ್‌ಶಿಪ್, ವೀಜಾ (Ouija, ಸತ್ತವರ ಆತ್ಮವನ್ನು ಮಾತಾಡಿಸುವ ಹಲಗೆ) ಎಲ್ಲವೂ ಇದ್ದವು. ಈ ಐದರಲ್ಲಿ ಅಲ್ಲಿಂದ ತೆರೆಗೆ ಬಂದದ್ದು ಕೊನೆಯ ಎರಡು.

ಹಕ್ಕಿಗೆ ಹಣವಿಲ್ಲದವರಿಗೆ ಇನ್ನೊಂದು ದಾರಿ ಇದೆ. ಚದುರಂಗ, ಪಗಡೆ, ಚೌಕಾಬಾರ, ಪರಮಪದ ಸೋಪಾನದಂಥ ಸಾಂಪ್ರದಾಯಿಕ ಆಟಗಳಿಗೆ ಮಾಲೀಕರಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೇ ಶತಮಾನದಲ್ಲಿ ರೂಪಿಸಿದ ಹಾಸಿನ ಆಟಗಳೂ ಈ ಸಾಲಿನವೇ. ಕಂಪನಿಗಳು ಮುದ್ರಿಸಿ ಮಾರುವ ಆವೃತ್ತಿಯ ಚಿತ್ರ, ಹೆಸರು ಬಳಸದಿದ್ದರಾಯಿತು.

ಹಂತ 3: ಯಾವ ದಾರಿ ಎಂದು ನಿರ್ಧರಿಸಿ

ಇರುವುದು ನಾಲ್ಕು ದಾರಿ. ಆಟದ ಲೋಕವನ್ನೇ ನಿಜವೆಂದು ತೋರಿಸುವುದು ಒಂದು: 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' (ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟ), 'ಬ್ಯಾಟಲ್‌ಶಿಪ್'. ಆಟದ ಪೆಟ್ಟಿಗೆಯನ್ನು ಚಿತ್ರದೊಳಗಿನ ವಸ್ತುವಾಗಿ ಇಟ್ಟು, ಆಡುವವರ ಮೇಲೆ ಅದು ಬೀರುವ ಪರಿಣಾಮ ಹೇಳುವುದು ಎರಡನೆಯದು: 'ವೀಜಾ', 'ಜುಮಾಂಜಿ'. ಆಟದ ರಚನೆಯನ್ನೇ ಚಿತ್ರದ ರಚನೆಯಾಗಿಸುವುದು ಮೂರನೆಯದು: 'ಕ್ಲೂ'. ಆಟ ಹುಟ್ಟಿದ ಕಥೆ ಹೇಳುವುದು ನಾಲ್ಕನೆಯದು.

ಆಯ್ಕೆಗೆ ಒಂದು ಸರಳ ಪರೀಕ್ಷೆ ಇದೆ. ಆಟದಲ್ಲಿ ಈಗಾಗಲೇ ಹೆಸರು, ಊರು, ಶತ್ರು, ಇತಿಹಾಸ ಇದ್ದರೆ ಮೊದಲ ದಾರಿ. ಆಟ ಆಡುವ ಕ್ರಿಯೆಯೇ ಭಯ ಅಥವಾ ಕುತೂಹಲ ಹುಟ್ಟಿಸಿದರೆ ಎರಡನೆಯದು. ಆಟ ಕೊನೆಗೆ ಒಂದು ಪ್ರಶ್ನೆಗೆ ಉತ್ತರ ಕೊಡುವುದಾದರೆ ಮೂರನೆಯದು. ಇವು ಯಾವುವೂ ಇಲ್ಲದಿದ್ದರೆ ನಾಲ್ಕನೆಯದು. ಹೊಸಬರಿಗೆ ಎರಡನೇ ದಾರಿ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ: ಒಂದು ಮನೆ, ಒಂದು ಮೇಜು, ನಾಲ್ಕೈದು ಜನರಲ್ಲಿ ಚಿತ್ರ ಆಗುತ್ತದೆ.

ಹಂತ 4: ನಿಯಮವನ್ನು ಕಥೆಯ ಕಟ್ಟಳೆಯಾಗಿಸಿ

ಇಡೀ ಕೆಲಸದ ಹೂರಣ ಇಲ್ಲಿದೆ, ಹೆಚ್ಚು ಸಮಯ ಇಲ್ಲೇ ಕೊಡಿ.

ಆಟದಿಂದ ಮೂರೇ ನಿಯಮ ಆರಿಸಿ. ನಾಲ್ಕನೆಯದು ಬಂದರೆ ಪ್ರೇಕ್ಷಕರು ಕಥೆ ಬಿಟ್ಟು ಲೆಕ್ಕಕ್ಕೆ ಇಳಿಯುತ್ತಾರೆ. ಮೂರರಲ್ಲಿ ಒಂದು ಪಾತ್ರಗಳನ್ನು ಬಂಧಿಸಬೇಕು, ಒಂದು ಅವರನ್ನು ಓಡಿಸಬೇಕು, ಒಂದು ಮುಕ್ತಾಯ ಎಲ್ಲಿದೆ ಎಂದು ತೋರಿಸಬೇಕು.

1995ರ 'ಜುಮಾಂಜಿ'ಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಅದರ ಆಟ ಅಂಗಡಿಯಲ್ಲಿದ್ದ ಆಟವಲ್ಲ, ಕ್ರಿಸ್ ವ್ಯಾನ್ ಆಲ್ಸ್‌ಬರ್ಗ್ 1981ರಲ್ಲಿ ಪ್ರಕಟಿಸಿದ ಮಕ್ಕಳ ಚಿತ್ರಪುಸ್ತಕದಿಂದ ಬಂದದ್ದು. ಆದರೂ ನಿಯಮದಿಂದ ಕಥೆ ಕಟ್ಟುವುದು ಹೇಗೆಂದು ಕಲಿಯಲು ಅದಕ್ಕಿಂತ ಚೊಕ್ಕ ಮಾದರಿ ಇಲ್ಲ. ಬಂಧಿಸುವ ನಿಯಮ: ಯಾರಾದರೂ ಐದು ಅಥವಾ ಎಂಟು ಹಾಕುವವರೆಗೆ, ಆಟ ಆಡುತ್ತಿದ್ದ ಹುಡುಗ ಆಲನ್ ಆಟದೊಳಗಿನ ಕಾಡಿನಲ್ಲೇ ಇರಬೇಕು. ಎರಡು ದಾಳ ಹಾಕಿದರೆ ಬರುವ 36 ಸಂಯೋಗಗಳಲ್ಲಿ ಐದು ನಾಲ್ಕು ಸಲ, ಎಂಟು ಐದು ಸಲ ಬರುತ್ತದೆ. ಒಟ್ಟು ಒಂಬತ್ತು, ಅಂದರೆ ಪ್ರತಿ ಎಸೆತಕ್ಕೂ ನಾಲ್ಕರಲ್ಲೊಂದು ಸಾಧ್ಯತೆ. ಅಷ್ಟೇನೂ ಕಷ್ಟದ ಗರವಲ್ಲ. ಆದರೂ ಅವನು 1969ರಿಂದ 1995ರವರೆಗೆ, 26 ವರ್ಷ ಸಿಕ್ಕಿಬೀಳುತ್ತಾನೆ, ಏಕೆಂದರೆ ಜೊತೆಗೆ ಆಡುತ್ತಿದ್ದ ಸಾರಾ ಹೆದರಿ ಓಡಿಹೋಗುತ್ತಾಳೆ. ದಾಳ ಕೊಟ್ಟದ್ದು ಬರೀ ಷರತ್ತು. ವರ್ಷಗಳನ್ನು ಕಸಿದದ್ದು ಒಬ್ಬ ಹುಡುಗಿಯ ಭಯ. ನಿಯಮದ ಮೇಲೆ ಮನುಷ್ಯಸ್ವಭಾವ ಬಂದು ಕೂತಾಗಲೇ ಅದು ಕಥೆಯಾಗುತ್ತದೆ.

ಓಡಿಸುವ ನಿಯಮ: ಸರದಿ. 1995ರಲ್ಲಿ ಆ ಮನೆಗೆ ಬಂದ ಮಕ್ಕಳಾದ ಜೂಡಿ ಮತ್ತು ಪೀಟರ್ ಮುಂದುವರಿಸಿದ್ದು ಹಳೆಯ ಆಟವನ್ನೇ ಆದ್ದರಿಂದ ಮುಂದಿನ ಎಸೆತ ಸಾರಾಳದು. ಅವಳನ್ನು ಹುಡುಕಿ ಕರೆತರದೆ ಆಟ ಮುಂದೆ ಹೋಗದು. ಪಾತ್ರಗಳು ಮನೆಯಿಂದ ಹೊರಬಿದ್ದು ಊರು ಅಲೆಯಲು ಬೇರೆ ಕಾರಣ ಬೇಕಾಗಲೇ ಇಲ್ಲ. ಮೋಸಕ್ಕೆ ದಂಡವೂ ಉಂಟು: ಪೀಟರ್ ಬೇಕೆಂದೇ ಹನ್ನೆರಡು ಬೀಳಿಸಲು ನೋಡಿ ಕೋತಿಯಾಗುತ್ತಾನೆ. ಮುಕ್ತಾಯ ತೋರಿಸುವ ನಿಯಮ: ಒಬ್ಬರ ಕಾಯಿ ನಡುಮನೆ ಮುಟ್ಟಿ, ಆಟದ ಹೆಸರು ಕೂಗಿದರೆ ಬಂದದ್ದೆಲ್ಲ ಹಿಂದಿರುಗುತ್ತದೆ. ಕಾಯಿ ಹಣ್ಣಾಗಲು ಎಷ್ಟು ಮನೆ ಬಾಕಿ ಎಂದು ಪ್ರೇಕ್ಷಕರಿಗೆ ಸದಾ ಕಾಣುತ್ತಿರುತ್ತದೆ.

ಇನ್ನೊಂದು ಬಗೆ, ನಿಯಮವನ್ನು ನೇರವಾಗಿ ದೃಶ್ಯವಾಗಿಸುವುದು. 2023ರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಆನರ್ ಅಮಾಂಗ್ ಥೀವ್ಸ್' ಚಿತ್ರವನ್ನು ಜೊನಾಥನ್ ಗೋಲ್ಡ್‌ಸ್ಟೀನ್ ಮತ್ತು ಜಾನ್ ಫ್ರಾನ್ಸಿಸ್ ಡೇಲಿ ನಿರ್ದೇಶಿಸಿದರು. ಆಟದಲ್ಲಿ ಸತ್ತವರನ್ನು ಮಾತಾಡಿಸುವ ಒಂದು ಮಂತ್ರವಿದೆ. ಶವಕ್ಕೆ ಐದೇ ಪ್ರಶ್ನೆ ಕೇಳಬಹುದು. ಚಿತ್ರದಲ್ಲಿ ಸ್ಮಶಾನದಲ್ಲಿ ನಿಂತ ಗುಂಪು ತಮ್ಮ ತಮ್ಮಲ್ಲಿ ಆಡಿಕೊಂಡ ಪ್ರಶ್ನೆಗಳೂ ಆ ಐದರಲ್ಲಿ ಸೇರಿಹೋಗಿ, ಒಂದಾದ ಮೇಲೊಂದು ಶವ ಕೈಬಿಡುತ್ತದೆ. ಅಂಕೆ ಆಟದ್ದು, ನಗು ಆ ಜನರ ಆತುರದ್ದು. ಇನ್ನೊಂದು ಕಡೆ, ಬಲೆ ಹೂಡಿದ ಸೇತುವೆಯನ್ನು ದಾಟುವ ಜಟಿಲ ಕ್ರಮವನ್ನು ಯೋಧ ಕ್ಸೆಂಕ್ ವಿವರವಾಗಿ ಹೇಳುತ್ತಿರುವಾಗಲೇ ಗುಂಪಿನ ಮಾಂತ್ರಿಕ ಸೈಮನ್ ಅರಿವಿಲ್ಲದೆ ಮೊದಲ ಕಲ್ಲಿನ ಮೇಲೆ ಕಾಲಿಟ್ಟು ಇಡೀ ಸೇತುವೆ ಕುಸಿಯುತ್ತದೆ. ಆಟ ನಡೆಸುವವರು ಕಷ್ಟಪಟ್ಟು ಹೆಣೆದ ಒಗಟನ್ನು ಆಟಗಾರ ಒಂದೇ ಹೆಜ್ಜೆಯಲ್ಲಿ ಹಾಳುಮಾಡುವುದು ಈ ಆಟ ಆಡಿದ ಎಲ್ಲರಿಗೂ ಗೊತ್ತು. ದಾಳ ಒಮ್ಮೆಯೂ ತೋರಿಸದೆ ಮೇಜಿನ ಅನುಭವ ತೆರೆಗೆ ಬಂತು.

ಪಣ ಏರುವ ಕ್ರಮದ ಬಗ್ಗೆ ಕನ್ನಡದ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ಸಭಾಪರ್ವದ ದ್ಯೂತದಲ್ಲಿ ಸಂಪತ್ತು, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ ಎಂದು ಧರ್ಮರಾಯ ಒಡ್ಡುತ್ತಾ ಹೋಗುವಾಗ ದಾಳದ ನಿಯಮ ಬದಲಾಗುವುದೇ ಇಲ್ಲ, ಒಡ್ಡುವ ವಸ್ತು ಮಾತ್ರ ಬದಲಾಗುತ್ತದೆ. ಆಟದ ದೃಶ್ಯ ಬರೆಯುವಾಗ ಪಾಲಿಸಬೇಕಾದ ಕ್ರಮವೇ ಅದು: ನಿಯಮ ಸ್ಥಿರ, ಪಣ ಚರ. ನಡುವೆ ಹೊಸ ನಿಯಮ ತಂದು ನಾಯಕನನ್ನು ಉಳಿಸಿದರೆ ಪ್ರೇಕ್ಷಕರ ನಂಬಿಕೆ ಅಲ್ಲಿಗೆ ಮುಗಿಯಿತು.

ಹಂತ 5: ಕಾಯಿಗೆ ಜೀವ ಕೊಡಿ

ಬಣ್ಣ ಬೇರೆಯಾದರೂ ಕಾಯಿಗಳೆಲ್ಲ ಒಂದೇ. ಪಾತ್ರಗಳು ಹಾಗಿರಕೂಡದು. ಪ್ರತಿ ಪಾತ್ರಕ್ಕೂ ಎರಡು ಸಾಲು ಬರೆಯಿರಿ: ಗೆದ್ದರೆ ಏನು ಸಿಗುತ್ತದೆ, ಆಟ ಬಿಟ್ಟು ಎದ್ದುಹೋದರೆ ಏನು ಕಳೆದುಕೊಳ್ಳುತ್ತಾರೆ. ಎರಡನೇ ಸಾಲು ಖಾಲಿ ಉಳಿದ ಪಾತ್ರವನ್ನು ತೆಗೆದುಹಾಕಿ. 'ಯಾಕೆ ಎದ್ದುಹೋಗಬಾರದು' ಎಂಬ ಪ್ರಶ್ನೆ ಈ ಬಗೆಯ ಪ್ರತಿ ಚಿತ್ರಕ್ಕೂ ಎದುರಾಗುತ್ತದೆ.

1985ರ 'ಕ್ಲೂ' ಇದನ್ನು ಜಾಣತನದಿಂದ ಬಿಡಿಸಿತು. ಆಟದಲ್ಲಿ ಆರು ಶಂಕಿತರು, ಆರು ಆಯುಧ, ಒಂಬತ್ತು ಕೋಣೆ. ಒಟ್ಟು 324 ಉತ್ತರ ಸಾಧ್ಯ. ಗ್ರೀನ್, ವೈಟ್ ಎಂಬಂಥ ಬಣ್ಣದ ಹೆಸರಿನ ಮನುಷ್ಯರು ಎಲ್ಲಿಂದ ಬಂದಾರು? ನಿರ್ದೇಶಕ ಜೊನಾಥನ್ ಲಿನ್ ಅವನ್ನು ಗುಪ್ತನಾಮಗಳನ್ನಾಗಿಸಿದರು: 1954ರ ಒಂದು ರಾತ್ರಿ ಬಂಗಲೆಗೆ ಬರುವ ಆರೂ ಅತಿಥಿಗಳು ಒಬ್ಬನೇ ಬ್ಲ್ಯಾಕ್‌ಮೇಲರನ ಬಲೆಯಲ್ಲಿರುವವರು, ನಿಜ ಹೆಸರು ಹೇಳುವಂತಿಲ್ಲ. ಎದ್ದುಹೋದರೆ ಗುಟ್ಟು ರಟ್ಟಾಗುತ್ತದೆ. ಆರು ಆಯುಧ ಒಂದೇ ಮನೆಯಲ್ಲಿರಲು ಕಾರಣ? ಆ ಬ್ಲ್ಯಾಕ್‌ಮೇಲರನೇ ಒಬ್ಬೊಬ್ಬರಿಗೆ ಒಂದೊಂದನ್ನು ಉಡುಗೊರೆ ಪೆಟ್ಟಿಗೆಯಲ್ಲಿ ಕೊಡುತ್ತಾನೆ. ಆಟದ ಎರಡು ವಿಚಿತ್ರಗಳಿಗೆ ಕಥೆಯೊಳಗೇ ಉತ್ತರ ಸಿಕ್ಕಿತು. ನಿಮ್ಮ ಆಟದಲ್ಲೂ ಇಂಥ ವಿಚಿತ್ರಗಳನ್ನು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಒಂದು ಮಾನವ ಕಾರಣ ಹುಡುಕಿ.

ಹಂತ 6: ಪುಟಗಳ ಹಂಚಿಕೆ

ಒಂದು ಪುಟ ಅಂದಾಜು ಒಂದು ನಿಮಿಷ. 110 ಪುಟದ ಚಿತ್ರಕಥೆ ಎಂದಿಟ್ಟುಕೊಳ್ಳಿ. ಆಟ ಅಥವಾ ಅದರ ಕೇಂದ್ರ ಕ್ರಿಯೆ 12ನೇ ಪುಟದೊಳಗೆ ಕಾಣಿಸಬೇಕು. ನಿಯಮ ಹೇಳಲು ಒಟ್ಟು ಎರಡು ಪುಟ ಸಾಕು, ಅದನ್ನೂ ಒಂದೇ ಕಡೆ ಸುರಿಯದೆ ತಪ್ಪು ನಡೆಯ ಮೂಲಕ ತಿಳಿಸಿ. 25ರಿಂದ 30ನೇ ಪುಟದೊಳಗೆ ಹಿಂದಿರುಗುವ ದಾರಿ ಮುಚ್ಚಬೇಕು. ಕೇಂದ್ರ ಕ್ರಿಯೆ ಪೂರ್ತಿಯಾಗಿ ನಡೆಯುವ ದೊಡ್ಡ ದೃಶ್ಯ ಕನಿಷ್ಠ ಎರಡಿರಬೇಕು: 55ರ ಸುಮಾರಿಗೆ ಒಂದು, 90ರ ನಂತರ ಒಂದು.

2012ರ 'ಬ್ಯಾಟಲ್‌ಶಿಪ್' ಇಲ್ಲಿ ಎಡವಿತು. ಅದರಲ್ಲಿ ಒಂದು ಅದ್ಭುತ ದೃಶ್ಯವಿದೆ. ರಾತ್ರಿ, ರೇಡಾರ್ ಕೆಲಸಕ್ಕೆ ಬಾರದು, ಅನ್ಯಗ್ರಹದವರ ನೌಕೆಗಳು ಕಾಣುತ್ತಿಲ್ಲ. ಸುನಾಮಿ ಎಚ್ಚರಿಕೆಯ ತೇಲುಬುರುಡೆಗಳು ನೀರಿನ ಅಲುಗಾಟವನ್ನು ದಾಖಲಿಸುತ್ತಿರುತ್ತವೆ; ಜಪಾನಿ ಕ್ಯಾಪ್ಟನ್ ನಗಾಟ ಆ ಮಾಹಿತಿಯನ್ನು ಚೌಕಳಿಯಾಗಿ ಪರದೆಗೆ ತಂದು, ಮನೆ ಊಹಿಸಿ ಕ್ಷಿಪಣಿ ಬಿಡಿಸುತ್ತಾನೆ. ತಪ್ಪಿತು, ಮತ್ತೆ ತಪ್ಪಿತು, ಆಮೇಲೆ ತಾಗಿತು. ಆಟದ ಒತ್ತಡ ಯಥಾವತ್ತಾಗಿ ಬಂದಿದೆ. ಆದರೆ ಅಂಥದ್ದು ಅದೊಂದೇ. ಉಳಿದ ಹೊತ್ತು ಶತ್ರುವಿನ ಗುಂಡುಗಳನ್ನು ಆಟದ ಮೊಳೆಯ ಆಕಾರದಲ್ಲಿ ಮಾಡುವಂಥ ಎರಡನೇ ಕಂಬದ ಕೆಲಸಕ್ಕೆ ಹೋಯಿತು. ಎದುರಾಳಿಯ ಮನಸ್ಸೇನೆಂದು ತಿಳಿಯದಿದ್ದರೆ ಊಹೆಯ ಆಟಕ್ಕೆ ರುಚಿ ಇಲ್ಲ. ಆ ಅನ್ಯಗ್ರಹದವರಿಗೆ ಹೆಸರಿರುವ ಒಬ್ಬ ನಾಯಕನೂ ಇರಲಿಲ್ಲ.

ಹಂತ 7: ಬಜೆಟ್

ಟಿಕೆಟ್ ಹಣದಲ್ಲಿ ಸುಮಾರು ಅರ್ಧ ಚಿತ್ರಮಂದಿರಗಳಿಗೆ ಹೋಗುತ್ತದೆ, ಪ್ರಚಾರದ ಖರ್ಚು ಬೇರೆ. ಹಾಗಾಗಿ ನಿರ್ಮಾಣ ವೆಚ್ಚದ ಎರಡರಿಂದ ಎರಡೂವರೆ ಪಟ್ಟು ಗಳಿಸಿದರೆ ಅಸಲು ಬಂದಂತೆ ಎಂಬುದು ಒರಟು ಲೆಕ್ಕ. 'ಬ್ಯಾಟಲ್‌ಶಿಪ್'ಗೆ 20 ಕೋಟಿ ಡಾಲರಿಗೂ ಹೆಚ್ಚು ಸುರಿದು ಜಗತ್ತಿನಾದ್ಯಂತ ಬಂದದ್ದು ಸುಮಾರು 30 ಕೋಟಿ, ನಷ್ಟ. 2014ರ 'ವೀಜಾ'ಗೆ ಹಾಕಿದ್ದು ಸುಮಾರು 50 ಲಕ್ಷ ಡಾಲರ್, ಬಂದದ್ದು ಸುಮಾರು 10 ಕೋಟಿ. ವಿಮರ್ಶಕರು 'ವೀಜಾ'ವನ್ನು ಮೆಚ್ಚಲಿಲ್ಲ, ಆದರೂ ಅದರ ಹಣದ ಬಲದಿಂದ ಎರಡನೇ ಭಾಗ ಬಂತು, ಮೈಕ್ ಫ್ಲನಗನ್ ಅದನ್ನು 1967ರ ಲಾಸ್ ಏಂಜಲೀಸ್‌ನಲ್ಲಿಟ್ಟು ಮೊದಲನೆಯದಕ್ಕಿಂತ ಎಷ್ಟೋ ಉತ್ತಮವಾಗಿ ಮಾಡಿದರು. 2023ರ ಡಂಜನ್ಸ್ ಚಿತ್ರದ ಗುಣಮಟ್ಟ ಚೆನ್ನಾಗಿತ್ತು. ಸುಮಾರು 15 ಕೋಟಿ ಹಾಕಿ 20 ಕೋಟಿ ಚಿಲ್ಲರೆ ಬಂದದ್ದರಿಂದ ಮುಂದಿನ ಭಾಗದ ದಾರಿ ಕಠಿಣವಾಯಿತು.

ಆಟದ ಕೇಂದ್ರ ಕ್ರಿಯೆ ಎಲ್ಲಿ ನಡೆಯುತ್ತದೋ ಅಷ್ಟಕ್ಕೆ ಹಣ ಹಾಕಿ. ಹೆಸರಿನ ಪರಿಚಯ ಮೊದಲ ಶುಕ್ರವಾರಕ್ಕೆ ಜನ ತರುತ್ತದೆ, ಎರಡನೇ ವಾರಕ್ಕೆ ತರುವುದಿಲ್ಲ.

ಹಂತ 8: ಮುಕ್ತಾಯ ಮತ್ತು ಪರೀಕ್ಷೆ

ಆಟ ಪ್ರತಿ ಸಲ ಬೇರೆ ರೀತಿ ಮುಗಿಯುತ್ತದೆ, ಚಿತ್ರವೂ ಹಾಗೇ ಇರಲಿ ಎಂಬ ಆಸೆ ಸಹಜ. 'ಕ್ಲೂ' ಮೂರು ಮುಕ್ತಾಯ ಚಿತ್ರೀಕರಿಸಿ ಬೇರೆ ಬೇರೆ ಚಿತ್ರಮಂದಿರಗಳಿಗೆ ಬೇರೆ ಬೇರೆ ಮುಕ್ತಾಯ ಕಳಿಸಿತು. ಜನ ಮೂರು ಸಲ ಬಂದಾರು ಎಂಬ ನಿರೀಕ್ಷೆ ಹುಸಿಯಾಯಿತು. ಸುಮಾರು ಒಂದೂವರೆ ಕೋಟಿ ಡಾಲರಿನ ಚಿತ್ರ ಅಮೆರಿಕದಲ್ಲಿ ಅಷ್ಟನ್ನೂ ಗಳಿಸಲಿಲ್ಲ. ಮುಂದೆ ವಿಡಿಯೊ ಮತ್ತು ಟಿವಿಯಲ್ಲಿ ಮೂರನ್ನೂ ಸಾಲಾಗಿ ತೋರಿಸಿದಾಗ ಅದೇ ಚಿತ್ರವನ್ನು ಜನ ತಲೆಮೇಲೆ ಹೊತ್ತರು. ಬೇರೆ ಬೇರೆ ಉತ್ತರ ಕೊಡುವುದಿದ್ದರೆ ಒಂದೇ ಪ್ರದರ್ಶನದಲ್ಲಿ, ಒಂದರ ಪಕ್ಕ ಒಂದಿಟ್ಟು ಕೊಡಿ. ಪ್ರತಿ ಉತ್ತರಕ್ಕೂ ಬೇಕಾದ ಸುಳಿವು ಮೊದಲ 80 ಪುಟಗಳಲ್ಲಿ ಬಿದ್ದಿದೆಯೇ ಎಂದು ಬೇರೆ ಬೇರೆ ಬಣ್ಣದ ಪೆನ್ನಿನಿಂದ ಗುರುತು ಹಾಕಿ ನೋಡಿ.

ಕರಡನ್ನು ಎರಡು ಗುಂಪಿಗೆ ಓದಿಸಿ: ಆಟ ಬಲ್ಲ ಐವರು, ಎಂದೂ ಆಡದ ಐವರು. ಬಲ್ಲವರಿಗೆ ಕೇಳಬೇಕಾದ್ದು, 'ಎಲ್ಲಿ ಆಟ ಆಡಿದ ಹಾಗೆ ಅನ್ನಿಸಿತು?' ಪುಟಸಂಖ್ಯೆ ಬರೆಸಿಕೊಳ್ಳಿ. ಅವರು ವಸ್ತುಗಳ, ಹೆಸರುಗಳ ಉಲ್ಲೇಖವನ್ನು ಮಾತ್ರ ತೋರಿಸಿದರೆ ನಾಲ್ಕನೇ ಹಂತಕ್ಕೆ ಮರಳಬೇಕು. ಆಡದವರಿಗೆ ಮೂರು ನಿಯಮ ಹೇಳಿ ಎನ್ನಿ. ಇಬ್ಬರಿಗಿಂತ ಹೆಚ್ಚು ಜನ ತಡವರಿಸಿದರೆ ನಿಯಮ ತಿಳಿಸುವ ದೃಶ್ಯ ಬದಲಿಸಿ, ಮಾತು ಸೇರಿಸಬೇಡಿ. ನಿಯಮ ಮುರಿದವನೊಬ್ಬನಿಗೆ ಏನಾಯಿತೆಂದು ತೋರಿಸಿ. ಇದಾದ ಮೇಲೆ ಆಟದ ಹೆಸರು, ಪಾತ್ರಗಳ ಹೆಸರು ಎಲ್ಲ ಅಳಿಸಿದ ಒಂದು ಪ್ರತಿ ತಯಾರಿಸಿ, ಇಬ್ಬರು ಹೊಸ ಓದುಗರಿಗೆ ಕೊಡಿ. ಯಾವ ಆಟವೆಂದು ಅವರು ಗುರುತಿಸಿದರೆ ಕರಡು ಸ್ಟುಡಿಯೊಗೆ ಹೋಗಲು ಸಿದ್ಧ.